ಮನಸ್ಸು ಗಟ್ಟಿಯಾಗುವವರೆಗೆ ಕಾಯಬೇಕೇ? ಸಿಗರೇಟು ಬಿಡುವ ತಯಾರಿ ಕುರಿತು

ಪ್ರಶ್ನೆ: ನನಗೆ 38 ವರ್ಷ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಕೆಲಸ. ದಿನಕ್ಕೆ 15 ಸಿಗರೇಟು. ಬೆಳಿಗ್ಗೆ ಎದ್ದವನಿಗೆ ಮುಖ ತೊಳೆಯುವ ಮೊದಲೇ ಒಂದು ಬೇಕು. ಮೂರು ಸಲ ಬಿಟ್ಟು ನೋಡಿದ್ದೇನೆ. ಮೊದಲ ಸಲ ಮೂರೇ ದಿನ. ಎರಡನೇ ಸಲ ಕಡಿಮೆ ಮಾಡುತ್ತ ನಾಲ್ಕಕ್ಕೆ ಇಳಿಸಿದ್ದೆ, ಮತ್ತೆ ಏರಿತು. ಮೂರನೇ ಸಲ ಐದು ತಿಂಗಳು ಮುಟ್ಟಿರಲಿಲ್ಲ. ಬಂಗಡೆ ಚೆನ್ನಾಗಿ ಬಿದ್ದ ದಿನ ಪಾರ್ಟಿಯಲ್ಲಿ ಒಂದು ಸೇದಿದೆ, ವಾರದೊಳಗೆ ಮೊದಲಿನಂತೆ ಆಯಿತು. ಹೆಂಡತಿ, ಡಾಕ್ಟರು ಎಲ್ಲರೂ ‘ಮನಸ್ಸು ಮಾಡಿದರೆ ಆಗುತ್ತದೆ’ ಎನ್ನುತ್ತಾರೆ. ಆ ಮನಸ್ಸೇ ಗಟ್ಟಿಯಾಗುತ್ತಿಲ್ಲ. ಪೂರ್ತಿ ತಯಾರಾದ ಮೇಲೆ ಬಿಡುವುದು ಒಳ್ಳೆಯದೇ? ಜೂನ್‌ನಲ್ಲಿ ಬೋಟು ನಿಂತಾಗ ಬಿಟ್ಟರೆ ಹೇಗೆ?

ಉತ್ತರ: ಕಾಯಬೇಡಿ. ಜೂನ್ ಒಳ್ಳೆಯ ಸಮಯ, ಆದರೆ ಒಂದನೇ ತಾರೀಖು ಬೇಡ. ಕಾರಣ ಮುಂದೆ ಹೇಳುತ್ತೇವೆ.

ಮೊದಲು ‘ಮನಸ್ಸು’ ಎಂಬ ಮಾತನ್ನೇ ಬಿಡಿಸಿ ನೋಡೋಣ. ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಬಿಡಬೇಕು ಎಂಬ ಆಸೆ ಒಂದು, ಬಿಡಬಲ್ಲೆ ಎಂಬ ಧೈರ್ಯ ಇನ್ನೊಂದು. ವ್ಯಸನಮುಕ್ತಿ ಸಲಹೆಗಾರರು ಇವನ್ನು ಬೇರೆಬೇರೆಯಾಗಿಯೇ ಅಳೆಯುತ್ತಾರೆ, ಅಳತೆ ಸುಲಭ. ಒಂದು ಹಾಳೆಯಲ್ಲಿ 0ಯಿಂದ 10ರವರೆಗೆ ಎರಡು ಗೆರೆ ಎಳೆಯಿರಿ. ಮೊದಲನೆಯದರ ಮೇಲೆ ‘ಬಿಡುವುದು ನನಗೆ ಎಷ್ಟು ಮುಖ್ಯ’ ಎಂದು ಗುರುತು ಹಾಕಿ, ಎರಡನೆಯದರ ಮೇಲೆ ‘ಈಗ ಬಿಟ್ಟರೆ ನಿಭಾಯಿಸುತ್ತೇನೆಂಬ ಭರವಸೆ ಎಷ್ಟು’ ಎಂದು. ಆಸೆಯೇ ಇಲ್ಲದವನು ಮೂರು ಸಲ ಬಿಡುವುದಿಲ್ಲ, ಐದು ತಿಂಗಳು ತಡೆದುಕೊಳ್ಳುವುದಂತೂ ಇಲ್ಲ. ನಿಮ್ಮ ಮೊದಲ ಗೆರೆ ಮೇಲೆಯೇ ಇರಬೇಕು, ಕುಸಿದಿರುವುದು ಎರಡನೆಯದು. ಮೂರು ಸಲ ಸೋತ ಮೇಲೆ ಹಾಗಾಗುವುದು ಸಹಜ. ನೀವು ಮಾತ್ರ ಅದಕ್ಕೆ ‘ಮನಸ್ಸಿಲ್ಲ’ ಎಂದು ಹೆಸರಿಟ್ಟುಕೊಂಡಿದ್ದೀರಿ.

ಈ ವ್ಯತ್ಯಾಸ ತಿಳಿಯದಿದ್ದರೆ ಮದ್ದು ತಪ್ಪಾಗುತ್ತದೆ. ಆಸೆ ಕಡಿಮೆ ಇದ್ದವನಿಗೆ ಕಾರಣಗಳು ಬೇಕು: ಮಗುವಿನ ದಮ್ಮು, ತನ್ನ ಕೆಮ್ಮು, ದುಡ್ಡು. ಧೈರ್ಯ ಕಡಿಮೆ ಇದ್ದವನ ಎದುರು ಕ್ಯಾನ್ಸರಿನ ಚಿತ್ರ ಹಿಡಿದರೆ ಅವನು ಇನ್ನಷ್ಟು ಕುಗ್ಗಿ, ಕುಗ್ಗಿದ್ದಕ್ಕೇ ಇನ್ನೊಂದು ಹಚ್ಚುತ್ತಾನೆ. ಅವನಿಗೆ ಬೇಕಾದದ್ದು ಉಪಾಯ ಮತ್ತು ಔಷಧ.

ಗೆರೆಗಳನ್ನು ಓದುವುದರಲ್ಲೂ ಒಂದು ಜಾಣತನವಿದೆ. ಧೈರ್ಯ 3 ಎಂದು ಹಾಕಿದಿರಿ ಎನ್ನೋಣ. ‘ಯಾಕೆ 8 ಅಲ್ಲ?’ ಎಂದು ಕೇಳಿಕೊಂಡರೆ ನಿಮ್ಮ ತಲೆ ಆಗದಿರುವುದಕ್ಕೆ ಕಾರಣಗಳನ್ನೇ ಪೇರಿಸುತ್ತದೆ. ‘ಯಾಕೆ 0 ಅಲ್ಲ, 3?’ ಎಂದು ಕೇಳಿಕೊಳ್ಳಿ. ‘ಐದು ತಿಂಗಳು ಬಿಟ್ಟಿದ್ದೆನಲ್ಲ’ ಎಂಬ ಉತ್ತರ ತಾನಾಗಿ ಬರುತ್ತದೆ. ಆಮೇಲಿನ ಪ್ರಶ್ನೆ, ‘3 ಇದ್ದದ್ದು 5 ಆಗಲು ಏನು ಬೇಕು?’ ಇದಕ್ಕೆ ಬರುವ ಉತ್ತರವೇ ನಿಮ್ಮ ಕೆಲಸದ ಪಟ್ಟಿ. ನಿಮ್ಮ ಹೆಂಡತಿಯೂ ಇದನ್ನು ಓದಲಿ. ‘ಬಿಡಿ ಬಿಡಿ’ ಎಂದು ಒತ್ತಿದಷ್ಟೂ ಸೇದುವವನು ‘ಇವತ್ತಿನ ಮಟ್ಟಿಗೆ ಆಗದು’ ಎಂಬುದಕ್ಕೆ ವಾದ ಹೂಡುತ್ತಾನೆ, ಹೂಡಿದ ವಾದವನ್ನು ಕೊನೆಗೆ ತಾನೇ ನಂಬುತ್ತಾನೆ. ಬಿಡಬೇಕಾದ ಕಾರಣ ಸೇದುವವನ ಬಾಯಿಂದಲೇ ಬರಬೇಕು.

ಇನ್ನು ‘ಪೂರ್ತಿ ತಯಾರಾದ ಮೇಲೆ’ ಎಂಬ ಮಾತು. 1983ರಿಂದೀಚೆಗೆ ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಚಟ ಬಿಡುವುದನ್ನು ಮೆಟ್ಟಿಲುಗಳಂತೆ ವಿವರಿಸಿದರು: ಯೋಚನೆಯೇ ಇಲ್ಲದ ಹಂತ, ಯೋಚಿಸುವ ಹಂತ, ತಯಾರಿ, ಕ್ರಿಯೆ, ಉಳಿಸಿಕೊಳ್ಳುವಿಕೆ. ಸಲಹೆಗಾರನಿಗೆ ಎದುರಿಗಿದ್ದವರ ಹತ್ತಿರ ಏನು ಮಾತಾಡಬೇಕೆಂದು ತಿಳಿಯಲು ಇದು ಉಪಯೋಗಕ್ಕೆ ಬಂತು. ಕೆಡುಕೂ ಆಯಿತು. ಪ್ರತಿ ಮೆಟ್ಟಿಲನ್ನೂ ಹತ್ತಿಯೇ ಮುಂದೆ ಹೋಗಬೇಕು, ತಯಾರಾಗದವನಿಗೆ ಔಷಧ ಕೊಟ್ಟು ಪ್ರಯೋಜನವಿಲ್ಲ ಎಂಬ ತಪ್ಪು ತಿಳಿವಳಿಕೆ ಬೆಳೆಯಿತು. 2006ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಸಮೀಕ್ಷೆ ಇದನ್ನು ತಲೆಕೆಳಗು ಮಾಡಿತು. ಬಿಡುವ ಪ್ರಯತ್ನಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಯಾವ ಪೂರ್ವಯೋಜನೆಯೂ ಇಲ್ಲದೆ ಶುರುವಾಗಿದ್ದವು, ಆರು ತಿಂಗಳು ಬಾಳಿದ್ದರಲ್ಲಿ ಅವುಗಳ ಪಾಲೇ ಹೆಚ್ಚು. (ತಟ್ಟನೆ ಬಿಟ್ಟು ಎರಡೇ ದಿನಕ್ಕೆ ಸೋತದ್ದನ್ನು ಜನ ಮರೆತುಬಿಡುತ್ತಾರೆ, ಹಾಗಾಗಿ ಆ ಲೆಕ್ಕವನ್ನು ಸ್ವಲ್ಪ ಚೌಕಾಸಿ ಮಾಡಿಯೇ ತೆಗೆದುಕೊಳ್ಳಬೇಕು.)

ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ 2015ರ ಇನ್ನೊಂದು ಪ್ರಯೋಗದಲ್ಲಿದೆ. ‘ಬರುವ ತಿಂಗಳೊಳಗೆ ಬಿಡಲು ನಾನು ಸಿದ್ಧನಿಲ್ಲ, ಬೇಕಾದರೆ ಕಡಿಮೆ ಮಾಡುತ್ತ ಮೂರು ತಿಂಗಳೊಳಗೆ ಬಿಡಲು ನೋಡುತ್ತೇನೆ’ ಎಂದವರನ್ನೇ ಆರಿಸಿ, ಸಿಗರೇಟಿನ ಹಪಾಹಪಿ ತಗ್ಗಿಸುವ ವರೆನಿಕ್ಲಿನ್ ಮಾತ್ರೆ ಕೊಟ್ಟರು. ನಾಲ್ಕು ವಾರಕ್ಕೆ ಅರ್ಧ, ಎಂಟು ವಾರಕ್ಕೆ ಮುಕ್ಕಾಲು ಭಾಗ ಇಳಿಸಿ 12ನೇ ವಾರಕ್ಕೆ ಪೂರ್ತಿ ಬಿಡುವ ಗುರಿ. 15ರಿಂದ 24ನೇ ವಾರದವರೆಗೆ ಒಂದೂ ಸೇದದೆ ಇದ್ದವರು ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 32, ಖಾಲಿ ಮಾತ್ರೆ ನುಂಗಿದವರಲ್ಲಿ 7. ಅವರು ಸಿದ್ಧರಾಗಿ ಬಂದವರಲ್ಲ. ಹಪಾಹಪಿ ತಗ್ಗಿದ ಮೇಲೆ ಅವರಿಗೆ ಧೈರ್ಯ ಬಂತು.

ಈಗ ನಿಮ್ಮ ಮೂರು ಸೋಲುಗಳಿಗೆ ಬರೋಣ. ಅವು ಒಂದೇ ಬಗೆಯವಲ್ಲ.

ಮೂರು ದಿನಕ್ಕೆ ಮುರಿದದ್ದು ನಿಕೋಟಿನ್ ಕೊರತೆಯಿಂದ. ರಕ್ತದ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಎಂಟು ಗಂಟೆ ಮಲಗಿ ಎದ್ದರೆ ಹದಿನಾರನೇ ಒಂದು ಪಾಲು ಉಳಿದಿರುತ್ತದೆ. ಮುಖ ತೊಳೆಯುವ ಮೊದಲೇ ಒಂದು ಬೇಕೆನಿಸುವುದು ಅದಕ್ಕೇ. ಆ ಸಿಗರೇಟು ಕೊಡುವ ಸಮಾಧಾನವೆಂದರೆ ಹಿಂದಿನ ರಾತ್ರಿಯ ಸಿಗರೇಟು ಮಾಡಿಟ್ಟ ಸಾಲದ ಬಡ್ಡಿ ತೀರಿದ್ದಷ್ಟೆ. ಪೂರ್ತಿ ಬಿಟ್ಟಾಗ ಸಿಡುಕು, ನಿದ್ದೆಗೇಡು, ಹಸಿವು, ಯಾವುದರಲ್ಲೂ ಗಮನ ನಿಲ್ಲದಿರುವುದು ಎರಡು–ಮೂರನೇ ದಿನಕ್ಕೆ ಅತಿ ಹೆಚ್ಚಾಗಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ನೀವು ಏರಿನ ತುದಿಯಲ್ಲಿ ಕೈಬಿಟ್ಟಿರಿ.

ಎಷ್ಟು ಅಂಟಿದೆ ಎಂದು ಅಳೆಯಲು ಎರಡೇ ಪ್ರಶ್ನೆ ಸಾಕು. ಎದ್ದ 5 ನಿಮಿಷದೊಳಗೆ ಮೊದಲ ಸಿಗರೇಟಾದರೆ 3 ಅಂಕ, 30 ನಿಮಿಷದೊಳಗಾದರೆ 2, ಒಂದು ಗಂಟೆಯೊಳಗಾದರೆ 1, ಆಮೇಲಾದರೆ 0. ದಿನಕ್ಕೆ ಹತ್ತರವರೆಗೆ 0, 11ರಿಂದ 20ಕ್ಕೆ 1, 21ರಿಂದ 30ಕ್ಕೆ 2, ಅದಕ್ಕೂ ಮೇಲೆ 3. ನಿಮ್ಮದು 3 ಮತ್ತು 1, ಒಟ್ಟು 4. ಆರಕ್ಕೆ ನಾಲ್ಕೆಂದರೆ ಮಧ್ಯಮ ಅವಲಂಬನೆ, ಬರಿಗೈಯಲ್ಲಿ ಎದುರಿಸುವಂಥದ್ದಲ್ಲ. ಯಾವ ನೆರವೂ ಇಲ್ಲದೆ ಬಿಟ್ಟವರಲ್ಲಿ ವರ್ಷ ಕಳೆದ ಮೇಲೂ ಬಿಟ್ಟೇ ಇರುವವರು ಪ್ರತಿ ಪ್ರಯತ್ನಕ್ಕೆ ನೂರಕ್ಕೆ 3ರಿಂದ 5 ಮಂದಿ. ಇದನ್ನು ತಿಳಿದ ಮೇಲೂ ಸೋಲಿಗೆ ನಿಮ್ಮ ಮನಸ್ಸನ್ನೇ ದೂರುವುದರಲ್ಲಿ ಅರ್ಥವಿಲ್ಲ.

ಎರಡನೇ ಸೋಲು, ನಾಲ್ಕಕ್ಕೆ ಇಳಿಸಿದ್ದು. ಔಷಧವಿಲ್ಲದೆ, ‘ಇಂಥ ದಿನ ಸೊನ್ನೆ’ ಎಂಬ ಗಡುವೂ ಇಲ್ಲದೆ ಇಳಿಸಿದಾಗ ಉಳಿದ ನಾಲ್ಕರ ಬೆಲೆ ಏರುತ್ತದೆ. ಒಂದೊಂದನ್ನೂ ಬುಡದವರೆಗೆ, ಆಳಕ್ಕೆ ಎಳೆಯುತ್ತೀರಿ, ದಿನವಿಡೀ ಮುಂದಿನದಕ್ಕೆ ಕಾಯುತ್ತೀರಿ. ಕಡಿಮೆ ಮಾಡಿದ್ದಕ್ಕೆ ತಕ್ಕ ಲಾಭವೂ ಇಲ್ಲ. ದಿನಕ್ಕೆ 20 ಸೇದುವವನಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಏರುತ್ತದೋ ಅದರ ಹತ್ತಿರ ಹತ್ತಿರ ಅರ್ಧದಷ್ಟು ದಿನಕ್ಕೆ ಒಂದೇ ಸೇದುವವನಿಗೂ ಏರುತ್ತದೆ. ಸಿಗರೇಟು ಬದಲು ಬೀಡಿ ಎಂಬ ಉಪಾಯವೂ ಇದೇ ಜಾತಿಯದು. ಬೀಡಿಯಲ್ಲಿ ತಂಬಾಕು ಕಡಿಮೆ, ಆದರೆ ಆರದಂತೆ ಪದೇ ಪದೇ ಜೋರಾಗಿ ಎಳೆಯಬೇಕು.

ಬದಲಿ ಎಂದಾಗ ಘಟ್ಟದ ಮೇಲಿನವರಿಗೂ ಒಂದು ಮಾತು. ಶಿರಸಿ, ಸಿದ್ದಾಪುರದ ಕಡೆ ಸಿಗರೇಟು ಬಿಟ್ಟವರು ಕವಳ (ಎಲೆ-ಅಡಿಕೆ) ಹೆಚ್ಚಿಸುವುದುಂಟು, ಅಡಿಕೆ ಸುಲಿಯುವ ರಾತ್ರಿಗಳಲ್ಲಂತೂ ಬಟ್ಟಲು ಪಕ್ಕದಲ್ಲೇ ಇರುತ್ತದೆ. ಹೊಗೆಸೊಪ್ಪು ಹಾಕಿದ ಕವಳ ಅದೇ ನಿಕೋಟಿನ್ ಅನ್ನು ಬೇರೆ ಬಾಗಿಲಿಂದ ಒಳಗೆ ಬಿಡುತ್ತದೆ. ಹೊಗೆಸೊಪ್ಪಿಲ್ಲದಿದ್ದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಅಡಿಕೆಯಿಂದಲೇ ಬದುಕು ಕಟ್ಟಿಕೊಂಡ ಊರಿನಲ್ಲಿ ಇದು ಯಾರಿಗೂ ರುಚಿಸುವ ಮಾತಲ್ಲ, ಆದರೂ ಸಿಗರೇಟಿಗೆ ಬದಲಿಯಾಗಿ ಕವಳವನ್ನು ಸೂಚಿಸಲಾರೆವು.

ಮೂರನೆಯದು ನಿಜಕ್ಕೂ ಸೋಲಲ್ಲ. ಐದು ತಿಂಗಳ ಹೊತ್ತಿಗೆ ದೇಹದ ನಿಕೋಟಿನ್ ಸಾಲ ಪೂರ್ತಿ ತೀರಿತ್ತು. ಹಪಾಹಪಿ ಎಬ್ಬಿಸಿದ್ದು ಸಂದರ್ಭ: ಕುಡಿತ, ಬೋಟಿನ ಗೆಳೆಯರು, ಕೈಯಲ್ಲಿ ದುಡ್ಡು, ಖುಷಿ. ಬಿಟ್ಟವರನ್ನು ಮತ್ತೆ ಎಳೆದು ತರುವುದರಲ್ಲಿ ಮದ್ಯದ ಪಾತ್ರ ದೊಡ್ಡದು. ತಡೆಯುವ ಬುದ್ಧಿಯನ್ನು ಅದು ಸಡಿಲಿಸುತ್ತದೆ, ಗ್ಲಾಸು ಮತ್ತು ಸಿಗರೇಟು ವರ್ಷಗಟ್ಟಲೆ ಜೋಡಿಯಾಗಿಯೇ ಬಂದಿರುತ್ತವೆ. ಅಂದು ಸೇದಿದ ಒಂದಕ್ಕಿಂತ ಮರುದಿನದ ಯೋಚನೆ ಹೆಚ್ಚು ಹಾಳು ಮಾಡಿತು: ‘ಹೇಗೂ ಹೋಯಿತಲ್ಲ’.

ಈಗ ಜೂನ್. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ರಾತ್ರಿ ಪಾಳಿಯಿಲ್ಲ, ಖಲಾಸಿಗಳ ಗುಂಪಿಲ್ಲ, ಮಳೆ ಹಿಡಿದರೆ ಮನೆಯಲ್ಲೇ. ಕೈಯಲ್ಲಿ ದುಡ್ಡೂ ಕಡಿಮೆ. ಸಿಗರೇಟಿಗೆ 10 ರೂಪಾಯಿ ಎಂದು ಹಿಡಿದರೂ ದಿನಕ್ಕೆ 150, ಆದಾಯವಿಲ್ಲದ 61 ದಿನಕ್ಕೆ 9,150 ರೂಪಾಯಿ. ಆಸೆಯ ಗೆರೆಗೆ ಇದೂ ಒಂದಿಷ್ಟು ಬಲ.

ಆದರೆ ಬೋಟು ದಕ್ಕೆಗೆ ಬಂದು ಲೆಕ್ಕ ಚುಕ್ತಾ ಆಗುವ ದಿನವೇ ಪಾರ್ಟಿಯೂ ಇರುತ್ತದೆ. ಅದು ಮುಗಿಯಲಿ, ಜೂನ್ 3 ಇಟ್ಟುಕೊಳ್ಳಿ. ಕಷ್ಟದ 4 ಮತ್ತು 5ನೇ ತಾರೀಖು ಮನೆಯಲ್ಲಿ ಕಳೆಯುತ್ತವೆ. ಹಿಂದಿನ ರಾತ್ರಿ ಅಂಗಿ ಜೇಬು, ಬೈಕಿನ ಡಿಕ್ಕಿ, ಬೋಟಿನ ಪೆಟ್ಟಿಗೆ ಎಲ್ಲದರಿಂದ ಪ್ಯಾಕು, ಲೈಟರ್ ಹೊರಗೆ ಹೋಗಲಿ. ‘ತುರ್ತಿಗೆ ಒಂದಿರಲಿ’ ಎಂದು ಎತ್ತಿಟ್ಟರೆ ಮೂರನೇ ದಿನ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆ ದಿನದಿಂದ ಪೂರ್ತಿ ಸೊನ್ನೆ. 2016ರ ಒಂದು ಪ್ರಯೋಗದಲ್ಲಿ ಒಂದೇ ದಿನ ಪೂರ್ತಿ ನಿಲ್ಲಿಸಿದವರಲ್ಲಿ ನಾಲ್ಕು ವಾರಕ್ಕೆ ನೂರಕ್ಕೆ 49 ಮಂದಿ ಉಳಿದರು, ಎರಡು ವಾರ ಇಳಿಸಿ ನಿಲ್ಲಿಸಿದವರಲ್ಲಿ 39. ಎರಡೂ ಗುಂಪಿಗೆ ನಿಕೋಟಿನ್ ಔಷಧ ಮತ್ತು ಸಲಹೆ ಇತ್ತು. ಜೂನ್ 3 ಎಂದ ಕೂಡಲೇ ಹೊಟ್ಟೆಯಲ್ಲಿ ಕಲಕಿದಂತಾದರೆ ಮೇಲೆ ಹೇಳಿದ 12 ವಾರದ ದಾರಿ ಇದ್ದೇ ಇದೆ. ಆದರೆ ಅದು ಮಾತ್ರೆಯ ಜೊತೆಗೆ, ಗಡುವಿನ ಜೊತೆಗೆ ಮಾತ್ರ.

ಔಷಧದಲ್ಲಿ ಎರಡು ದಾರಿ. ಒಂದು, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಮತ್ತು ಅಗಿಯುವ ನಿಕೋಟಿನ್ ಗಮ್ ಜೊತೆಯಾಗಿ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ 21 ಮಿಲಿಗ್ರಾಂ ಪಟ್ಟಿ ಆರು ವಾರ, 14ರದು ಎರಡು ವಾರ, 7ರದು ಎರಡು ವಾರ. ಬೆಳಿಗ್ಗೆ ಎದ್ದ ಕೂಡಲೇ ಕೂದಲಿಲ್ಲದ ಜಾಗದಲ್ಲಿ, ತೋಳಿನ ಮೇಲ್ಭಾಗದಲ್ಲಿ ಅಥವಾ ಎದೆಯ ಮೇಲೆ, ದಿನವೂ ಜಾಗ ಬದಲಿಸಿ ಅಂಟಿಸಬೇಕು. ನಮ್ಮ ಕರಾವಳಿಯ ಬೆವರಿಗೆ ಅಂಚು ಏಳುತ್ತದೆ, ಚರ್ಮ ಚೆನ್ನಾಗಿ ಒರೆಸಿ ಅಂಗೈಯಿಂದ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಕೆಟ್ಟ ಕನಸು ಬಿದ್ದರೆ ಮಲಗುವಾಗ ತೆಗೆಯಿರಿ. ಎಲ್ಲ ಅಂಗಡಿಗಳಲ್ಲೂ ಪಟ್ಟಿ ಇಟ್ಟಿರುವುದಿಲ್ಲ, ಮೇ ತಿಂಗಳಲ್ಲೇ ವೈದ್ಯರನ್ನು ಕಂಡು ತರಿಸಿಕೊಳ್ಳಿ. ಪಟ್ಟಿ ತಳಮಟ್ಟದ ಕೊರತೆ ತುಂಬುತ್ತದೆ, ನಡುನಡುವೆ ಏಳುವ ತುಡಿತಕ್ಕೆ 2 ಮಿಲಿಗ್ರಾಂ ಗಮ್. ಪಟ್ಟಿ ಬೇಡ, ಗಮ್ ಒಂದೇ ಸಾಕು ಎನ್ನುವುದಾದರೆ, ಎದ್ದ ಅರ್ಧ ಗಂಟೆಯೊಳಗೆ ಸೇದುವ ನಿಮಗೆ 4 ಮಿಲಿಗ್ರಾಂನದೇ ಬೇಕು, ಮೊದಲ ಆರು ವಾರ ಗಂಟೆ–ಎರಡು ಗಂಟೆಗೊಂದರಂತೆ. 2ರದು ಚೀಟಿಯಿಲ್ಲದೆ ಸಿಗುತ್ತದೆ, 4ಕ್ಕೆ ಚೀಟಿ ಬೇಕು.

‘ಗಮ್ ಕೆಲಸ ಮಾಡಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಅಗಿದಿರುವುದೇ ತಪ್ಪು. ಬಬಲ್‌ಗಮ್ಮಿನಂತೆ ಅಗಿದರೆ ನಿಕೋಟಿನ್ ಉಗುಳಿನೊಂದಿಗೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ತರುತ್ತದೆ, ರಕ್ತಕ್ಕೆ ಸೇರುವುದು ಸ್ವಲ್ಪವೇ. ಎಂಟು–ಹತ್ತು ಸಲ ನಿಧಾನ ಅಗಿಯಿರಿ, ಕಾಳುಮೆಣಸಿನ ಚುರುಕು ಬಂದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಸಿಕ್ಕಿಸಿ ಬಿಡಿ. ಚುರುಕು ಇಳಿದ ಮೇಲೆ ಮತ್ತೆ ಅಗಿದು ಇನ್ನೊಂದು ಬದಿಗೆ. ಹೀಗೆ ಅರ್ಧ ಗಂಟೆ. ಗಮ್ ಹಾಕುವ 15 ನಿಮಿಷ ಮೊದಲಿನಿಂದ, ಬಾಯಲ್ಲಿ ಇರುವಷ್ಟು ಹೊತ್ತೂ ಚಾ, ಕಾಫಿ, ಸೋಡಾ ಬೇಡ. ಸೋಲ್‌ಕಡಿ, ಮುರುಗಲ ಪಾನಕ, ಅಪ್ಪೆಹುಳಿ ಅಂತೂ ಬೇಡವೇ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಕೆನ್ನೆಯ ಒಳಪದರ ದಾಟುವುದಿಲ್ಲ. ಹೊಗೆಸೊಪ್ಪಿಗೆ ಸುಣ್ಣ ತಿಕ್ಕುವುದರ ಹಿಂದೆ ಇರುವುದೂ ಇದೇ ರಸಾಯನ, ತಿರುಗುಮುರುಗಾಗಿ.

ಇನ್ನೊಂದು ದಾರಿ ವರೆನಿಕ್ಲಿನ್, ಇದು ವೈದ್ಯರ ಚೀಟಿಯ ಮೇಲೆ ಮಾತ್ರ. ಬಿಡುವ ವಾರ ಮೊದಲು ಶುರು: ಮೂರು ದಿನ 0.5 ಮಿಲಿಗ್ರಾಂ ಒಂದು ಹೊತ್ತು, ನಾಲ್ಕು ದಿನ ಅಷ್ಟೇ ಎರಡು ಹೊತ್ತು, ಆಮೇಲೆ 1 ಮಿಲಿಗ್ರಾಂ ಎರಡು ಹೊತ್ತು, ಒಟ್ಟು 12 ವಾರ. ಮೇ 27ಕ್ಕೆ ಶುರು ಮಾಡಿದರೆ ಆಗಸ್ಟ್ 18ರವರೆಗೆ ಬರುತ್ತದೆ, ಅಂದರೆ ಬೋಟು ಮತ್ತೆ ಹೊರಟ ಮೊದಲ ಎರಡೂವರೆ ವಾರಕ್ಕೂ ಕಾವಲಿರುತ್ತದೆ. ಊಟದ ಜೊತೆ, ತುಂಬು ಲೋಟ ನೀರಿನಲ್ಲಿ ನುಂಗಿ, ಅಲೆಗೆ ಜಗ್ಗದ ಹೊಟ್ಟೆಯೂ ಈ ಮಾತ್ರೆಗೆ ತೊಳಸುವುದುಂಟು. ಮೂತ್ರಪಿಂಡದ ತೊಂದರೆಯಿದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ, ಮೊದಲೇ ಹೇಳಿ. ಖಿನ್ನತೆ, ದಮ್ಮು ಅಥವಾ ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಹೊಗೆ ನಿಂತಾಗ ಯಕೃತ್ತು ಥಿಯೋಫಿಲಿನ್, ಓಲಾಂಜಪಿನ್‌ನಂಥ ಕೆಲವು ಔಷಧಗಳನ್ನು ನಿಧಾನವಾಗಿ ಕರಗಿಸುತ್ತದೆ, ಹಳೆಯ ಪ್ರಮಾಣವೇ ಹೆಚ್ಚಾಗಿಬಿಡಬಹುದು. ಚಾದ ಕೆಫೀನಿಗೂ ಇದೇ ನಿಯಮ. ದಿನಕ್ಕೆ ಎಂಟು ಚಾ ಕುಡಿಯುವವರು ನಾಲ್ಕಕ್ಕೆ ಇಳಿಸದಿದ್ದರೆ ಬರುವ ಎದೆಬಡಿತ, ನಿದ್ದೆಗೇಡನ್ನು ಸಿಗರೇಟು ಬಿಟ್ಟದ್ದರ ಕಾಟ ಎಂದೇ ತಪ್ಪು ತಿಳಿಯುತ್ತಾರೆ.

ನಿಷೇಧದ ದಿನಗಳಲ್ಲಿ ನಿಮಗೆ ಅಪಾಯದ ಜಾಗ ಬಲೆ ರಿಪೇರಿ. ಕೈ ಮಾತ್ರ ಕೆಲಸದಲ್ಲಿ, ಸುತ್ತ ಸೇದುವವರು. ಮೊದಲ ಎರಡು ವಾರ ಆ ಕೆಲಸ ಮುಂದೂಡಿ, ಇಲ್ಲವೇ ಗಮ್ ಬಾಯಲ್ಲಿಟ್ಟುಕೊಂಡೇ ಕೂರಿ. ಒಂದು ತುಡಿತದ ಆಯಸ್ಸು ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ. ಎದ್ದು ನೀರು ಕುಡಿದು ದಕ್ಕೆಯ ತುದಿಯವರೆಗೆ ಹೋಗಿ ಬರುವಷ್ಟರಲ್ಲಿ ಇಳಿದಿರುತ್ತದೆ.

ಆಗಸ್ಟ್ 1ರ ಬಗ್ಗೆ ಹೆಚ್ಚು ಎಚ್ಚರ ಬೇಕು. ಎರಡು ತಿಂಗಳು ಮನೆಯಲ್ಲಿ ಬಿಟ್ಟದ್ದು ಬೋಟಿನಲ್ಲಿ ಬಿಟ್ಟಂತಲ್ಲ. ಡೀಸೆಲ್ ವಾಸನೆ, ಬಲೆ ಎಳೆದ ಮೇಲಿನ ಚಾ, ಕತ್ತಲಲ್ಲಿ ಹೊಳೆಯುವ ಇನ್ನೊಬ್ಬನ ಬೀಡಿ ಇವುಗಳ ಜೊತೆ ನಿಮ್ಮ ಮಿದುಳು ಇನ್ನೂ ಲೆಕ್ಕ ಮುಗಿಸಿಲ್ಲ. ಮನೆಯಲ್ಲಿ ವಾರಗಟ್ಟಲೆ ನೆನಪಾಗದ್ದು ಅಲ್ಲಿ ಮೊದಲ ಗಂಟೆಯಲ್ಲೇ ಏಳುತ್ತದೆ. ಅದು ಮನಸ್ಸು ಸೋತ ಲಕ್ಷಣವಲ್ಲ, ಬಿಟ್ಟ ಮೇಲೆ ಆ ಜಾಗಕ್ಕೆ ಇದು ನಿಮ್ಮ ಮೊದಲ ಭೇಟಿ, ಅಷ್ಟೆ. ಹೊರಡುವ ಮೊದಲೇ ಬೋಟು ನಡೆಸುವ ತಾಂಡೇಲನಿಗೂ ಜೊತೆಯವರಿಗೂ ‘ಕೇಳಿದರೂ ಕೊಡಬೇಡಿ’ ಎಂದು ಹೇಳಿಡಿ. ಮೊದಲ ಹತ್ತು ದಿನಕ್ಕೆ ಬೇಕಾದಷ್ಟು ಗಮ್ ನೀರು ತಾಗದ ಡಬ್ಬಿಯಲ್ಲಿ ಹಾಕಿಕೊಳ್ಳಿ. ಪಟ್ಟಿ ಆ ಹೊತ್ತಿಗೆ 7ಕ್ಕೆ ಇಳಿದಿರುತ್ತದೆ, ಹಾಗಾಗಿ ಗಮ್ ತುಸು ಹೆಚ್ಚೇ ಬೇಕಾದೀತು. ಮೊದಲ ಪಾರ್ಟಿಗೆ ಹೋಗಬೇಡಿ. ಹೋಗಲೇಬೇಕಾದರೆ ಊಟ ಮಾಡಿ ಹೊರಡಿ, ಈ ಸೀಸನ್ನಿನ ಮಟ್ಟಿಗೆ ಗ್ಲಾಸು ಬೇಡ.

ಹಾಗಿದ್ದೂ ಒಂದು ಸೇದಿಬಿಟ್ಟರೆ ಅದನ್ನು ಒಂದು ಎಂದೇ ಎಣಿಸಿ. ಪ್ಯಾಕು ಕೊಳ್ಳಬೇಡಿ, ಪಟ್ಟಿ ಕೀಳಬೇಡಿ, ಮಾತ್ರೆ ನಿಲ್ಲಿಸಬೇಡಿ. ಯಾರ ಕೈಯಿಂದ, ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನು ನಡೆದಿತ್ತು ಎಂದು ಬರೆದಿಟ್ಟು, ಅದೇ ಹೊತ್ತಿನಿಂದ ಮತ್ತೆ ಸೊನ್ನೆ.

ವೈದ್ಯರ ಸಲಹೆಗೆ ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ವ್ಯಸನಮುಕ್ತಿ ವಿಭಾಗವನ್ನು ವಿಚಾರಿಸಿ. ಬೋಟಿನ ಕೆಲಸದವರಿಗೆ ಫೋನೇ ಹೆಚ್ಚು ಅನುಕೂಲ: ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356, ಉಚಿತ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರವಿರುವುದರಿಂದ ಕನ್ನಡದಲ್ಲೇ ಮಾತಾಡಬಹುದು. ದಿನ ಗೊತ್ತು ಮಾಡಿಕೊಂಡೇ ಫೋನ್ ಮಾಡಬೇಕೆಂದಿಲ್ಲ, ಇನ್ನೂ ಸೇದುತ್ತಿರುವಾಗಲೇ ಮಾಡಬಹುದು. ನಂಬರನ್ನು ಬೇರೆ ಬರೆದಿಟ್ಟುಕೊಳ್ಳುವುದೂ ಬೇಡ. 2018ರಿಂದ ಅದನ್ನು ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚು ಹಾಕುತ್ತಿದ್ದಾರೆ, ಈಗ ನಿಮ್ಮ ಜೇಬಿನಲ್ಲೇ ಇದೆ.